ಒಂದೇ ತೋಳಿಗೆ ಮೂರು ಅಳತೆ

ನಮ್ಮ ಹೊಲಿಗೆ ಕಸುಬಿನಲ್ಲಿ ತೋಳಿನ ಅಳತೆ ಎಂದರೆ ಒಂದೇ. ಹೆಗಲಿನಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಾಗ 23 ಇಂಚು ಬಂದರೆ ಅದು ಕಲಬುರಗಿಯಲ್ಲೂ 23, ಬೆಂಗಳೂರಿನಲ್ಲೂ 23. ಹೀಗೆ 26 ವರ್ಷ ಊರವರ ತೋಳು ಅಳೆದವನು ನಾನು. ನನ್ನ ಸ್ವಂತ ಬಲತೋಳಿಗೆ ಮಾತ್ರ ಸರ್ಜನ್ ಒಂದು ಅಳತೆ ಬರೆದರು, ಸರ್ಕಾರ ಒಂದು ಬರೆಯಿತು, ವಿಮಾ ಕಂಪನಿ ಇನ್ನೊಂದು ಬರೆಯಿತು. ಈ ಮೂರರ ನಡುವೆ ಸುಮಾರು ಎರಡು ವರ್ಷ ಒದ್ದಾಡಿದೆ.

2023ರ ಫೆಬ್ರುವರಿಯ ಸಂಜೆ. ಹುಮನಾಬಾದಿನ ಗಿರಾಕಿಯ ಮನೆಗೆ ಮದುವೆಯ ಮೂರು ಶೇರ್ವಾನಿ ಮುಟ್ಟಿಸಿ ಅಣ್ಣನ ಬೈಕಿನಲ್ಲಿ ವಾಪಸ್ ಬರುತ್ತಿದ್ದೆ. ಕಮಲಾಪುರ ದಾಟಿದ್ದೆ, ಕುರಿಕೋಟಾ ಸೇತುವೆ ಇನ್ನೂ ಮುಂದಿತ್ತು. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಬಿದ್ದೆ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಬಲ ಹೆಗಲು ನೆಲಕ್ಕೆ ಅಪ್ಪಳಿಸಿ, ಕುತ್ತಿಗೆ ಎಡಕ್ಕೆ ಜಗ್ಗಿತು. ಒಂದು ಮೂಳೆಯೂ ಮುರಿದಿರಲಿಲ್ಲ, ರಕ್ತವೂ ಹೆಚ್ಚು ಹೋಗಿರಲಿಲ್ಲ. ಎದ್ದು ಕುಳಿತು ನೋಡಿದರೆ ಬಲಗೈ ಹಿಂಡಿ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು.

ಕಲಬುರಗಿಯಲ್ಲಿ ಮೊದಲ ಚಿಕಿತ್ಸೆಯಾದ ಮೂರನೇ ವಾರಕ್ಕೆ ಹೈದರಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿಯ ಸರ್ಜನ್ ಎಂ.ಆರ್.ಐ. ನೋಡಿ ಬಿಡಿಸಿ ಹೇಳಿದರು. ಕುತ್ತಿಗೆಯ ಬಳಿ ಬೆನ್ನುಹುರಿಯಿಂದ ಐದು ನರಗಳು ಹೊರಟು, ಹೆಗಲ ಹತ್ತಿರ ಜಡೆಯಂತೆ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ನನ್ನ ಮೇಲಿನ ನರಗಳು ನಡುವೆ ಹರಿದಿದ್ದವು, ಅವನ್ನು ಕಾಲಿನ ನರ ತೆಗೆದು ಜೋಡಿಸಬಹುದು. ಬೆರಳುಗಳನ್ನು ಆಡಿಸುವ ಕೆಳಗಿನ ಎರಡು ನರಗಳು ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದವು. "ನಿಮ್ಮ ಕಡೆ ತೊಗರಿ ಬೆಳೆಯುತ್ತಾರಲ್ಲ? ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಬೇರು ಸಮೇತ ಕಿತ್ತರೆ?" ಎಂದು ಕೇಳಿದರು. ತೊಗರಿ ಸೀಮೆಯವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಜೋಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆಯಂತೆ. ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಮೊಣಕೈ ಅಷ್ಟಿಷ್ಟು ಮಡಚತೊಡಗಿತು. ಬೆರಳುಗಳು ಇವತ್ತಿಗೂ ಅಲುಗಿಲ್ಲ. ಸರ್ಜನ್ ತಮ್ಮ ಕಾಗದದಲ್ಲಿ ಬೆರಳುಗಳ ಶಕ್ತಿಯನ್ನು ಐದಕ್ಕೆ ಸೊನ್ನೆ ಎಂದು ಬರೆದರು. ಅದು ಮೊದಲ ಅಳತೆ.

ನನಗಿದ್ದ ವಿಮೆ ಎರಡು. ಒಂದು, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಇನ್ನೊಂದು, ಹೊಲಿಗೆ ಯಂತ್ರಗಳಿಗೆ ಮುದ್ರಾ ಸಾಲ ತೆಗೆದಾಗ ಅದರ ಜೊತೆಗೆ ಮಾಡಿಸಿದ್ದ 10 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ಪಾಲಿಸಿ. ಮೂರನೆಯದೊಂದು ಸಿಗಬಹುದಿತ್ತು, ತಪ್ಪಿತು. ಗಾಡಿಯ ಮಾಲೀಕನೇ ಗಾಡಿ ಓಡಿಸುವಾಗ ಅನಾಹುತವಾದರೆ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಇರುತ್ತದೆ, ಒಂದು ಕೈ ಹೋದರೆ ಅದರ ಅರ್ಧ. ಆದರೆ ಆರ್.ಸಿ. ಅಣ್ಣನ ಹೆಸರಿನಲ್ಲಿತ್ತು. ಒಂದೇ ಮನೆ, ಒಂದೇ ಒಲೆ ಎಂಬುದು ಆರ್.ಸಿ. ಪುಸ್ತಕಕ್ಕೆ ತಿಳಿಯುವುದಿಲ್ಲ. ಎದುರಿಗೆ ಬೇರೆ ವಾಹನ ಇಲ್ಲದ್ದರಿಂದ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿಯೂ ಇರಲಿಲ್ಲ.

20 ರೂಪಾಯಿಯ ಕಥೆ ಬೇಗ ಮುಗಿಯುತ್ತದೆ. ಹೆಂಡತಿ ಪಾಸ್‌ಬುಕ್ ತಿರುವಿಹಾಕಿ ಹಿಂದಿನ ವರ್ಷದ 20 ರೂಪಾಯಿಯ ಕಡಿತವನ್ನು ಬೆರಳಿಟ್ಟು ತೋರಿಸಿದಳು. ಆ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ, ಆದ್ದರಿಂದ ಫೆಬ್ರುವರಿಯ ಅಪಘಾತ ಅದರೊಳಗೆ ಬರುತ್ತದೆ. ಎಫ್.ಐ.ಆರ್. ಪ್ರತಿ ಇಟ್ಟು ತಿಂಗಳೊಳಗೆ ಅಣ್ಣ ಅರ್ಜಿ ಕೊಟ್ಟು ಬಂದ. ತೊಡಕಾಗಿದ್ದು ಸಹಿ. ಬಲಗೈಯವನ ಸಹಿ ಎಡಗೈಗೆ ಬರುತ್ತದೆಯೇ? ಬ್ಯಾಂಕಿನ ದಾಖಲೆಯಲ್ಲಿರುವ ಸಹಿಗೆ ಹೊಂದುವುದಿಲ್ಲ ಎಂದು ಅರ್ಜಿ ವಾಪಸ್ ಬಂತು. ಸಹಿ ಮಾಡುವ ಕೈಯೇ ಹೋಗಿದೆ ಎಂದು ಹೇಳುವ ಅರ್ಜಿಗೆ ಅದೇ ಕೈಯ ಸಹಿ ಕೇಳಿದರು. ಕೊನೆಗೆ ಎಡ ಹೆಬ್ಬೆಟ್ಟು ಒತ್ತಿ, ಅದನ್ನು ದೃಢೀಕರಿಸಿ, ಹೊಸ ಮಾದರಿ ಸಹಿ ದಾಖಲಿಸಿಕೊಂಡರು. ಇಂತಹ ಸ್ಥಿತಿಯಲ್ಲಿರುವವರು ಆಸ್ಪತ್ರೆಯಿಂದ ಬಂದ ವಾರವೇ ಈ ಒಂದು ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ದೊಡ್ಡ ಪಾಲಿಸಿಯದು ಬೇರೆಯೇ ಪುರಾಣ. ಅದರಲ್ಲಿ ಎರಡು ಬಗೆಯ ಹಣವಿತ್ತು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ತಾತ್ಕಾಲಿಕ ಪೂರ್ಣ ಅಂಗವೈಕಲ್ಯ ಎಂದು ವಾರಕ್ಕೆ 5,000 ರೂಪಾಯಿ, ಹೆಚ್ಚೆಂದರೆ 100 ವಾರ. ಶಾಶ್ವತ ನಷ್ಟಕ್ಕೆ ಒಂದೇ ಸಲ ದೊಡ್ಡ ಮೊತ್ತ. ವಾರದ ಹಣಕ್ಕೆ ಆದಾಯದ ದಾಖಲೆ ಕೇಳಿದರು. ಸಾಲಕ್ಕಾಗಿ ಎರಡು ವರ್ಷ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿದ್ದೆ, ಅದು ಕೈ ಹಿಡಿಯಿತು. 16 ವಾರಗಳ 80,000 ರೂಪಾಯಿ ಬಂತು. ಅಷ್ಟರಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಹುಡುಗ ಬಂದ. ಕಂಪನಿಯ ಕಡೆಯ ತನಿಖಾಧಿಕಾರಿ. ಮಗ ಯಂತ್ರದ ಮೇಲೆ ಕುಳಿತಿದ್ದ, ನಾನು ಕೈಯನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡು ಪಕ್ಕದಲ್ಲಿದ್ದೆ. ಕಲಬುರಗಿಯ ಸೆಕೆ, ಪಾಪ, ಅವನಿಗೆ ತಣ್ಣೀರು, ಚಹಾ ಕೊಟ್ಟೆವು. "ಅಣ್ಣಾ, ಸ್ವಲ್ಪ ಈ ಕಡೆ ನಿಲ್ಲಿ" ಎಂದು ಫೋಟೊ ತೆಗೆದುಕೊಂಡ. ಆ ಫೋಟೊದಲ್ಲಿ ನಾನು ಕತ್ತರಿಸುವ ಮೇಜಿನ ಮುಂದೆ ನಿಂತಿದ್ದೇನೆ. ವಿಮೆದಾರರು ಅಂಗಡಿ ನಡೆಸುತ್ತಿರುವುದು ಕಂಡುಬಂದಿದೆ ಎಂದು ಬರೆದು ವಾರದ ಹಣ ನಿಲ್ಲಿಸಿದರು.

ಇನ್ನು ಅಂಗವೈಕಲ್ಯ ಪ್ರಮಾಣಪತ್ರ. ಅಂಗವಿಕಲರಿಗೆ ಗುರುತಿನ ಚೀಟಿ ಕೊಡುವ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಿ, 2023ರ ಡಿಸೆಂಬರಿನಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಕುಳಿತೆ. ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಮಧ್ಯವರ್ತಿ, ಎಲ್ಲಾ ಮಾಡಿಸಿಕೊಡುತ್ತೇನೆ, ಬಂದ ಹಣದಲ್ಲಿ ನೂರಕ್ಕೆ ಇಪ್ಪತ್ತು ನನಗೆ ಎಂದ. ಅವನನ್ನು ದಾಟಿ ಒಳಗೆ ಹೋದೆ. ಮಂಡಳಿಯವರು ಕೋನ ಅಳೆದು, ಬಲ ನೋಡಿ, ಶೇಕಡಾ 68 ಎಂದು ಬರೆದರು. ಆಪರೇಷನ್ ಆದ ನರ ಇನ್ನೂ ಬೆಳೆಯುತ್ತಿರಬಹುದು ಎಂದು ಪತ್ರದ ಮೇಲೆ 'ತಾತ್ಕಾಲಿಕ' ಎಂದು ನಮೂದಿಸಿದರು. ವೈದ್ಯರ ಲೆಕ್ಕದಲ್ಲಿ ಅದು ಸರಿಯೇ. ಎರಡನೇ ಅಳತೆ ಸಿಕ್ಕಿತು ಎಂದುಕೊಂಡು ಮನೆಗೆ ಬಂದವನು ಜೋಳದ ರೊಟ್ಟಿ ತಿನ್ನುತ್ತಲೇ ಲೆಕ್ಕ ಹಾಕಿದೆ: 10 ಲಕ್ಷಕ್ಕೆ 68 ಎಂದರೆ 6 ಲಕ್ಷ 80 ಸಾವಿರ. ಸಾಲ ತೀರಿತು, ಇನ್ನೊಂದು ಯಂತ್ರವೂ ಬಂತು!

ಈ ಲೆಕ್ಕ ಪೂರಾ ತಪ್ಪು. ಹಾಗೆಂದು ನನಗೆ ತಿಳಿಸಿದವರು ಕಾಕಾ.

ಕಾಕಾ ನನ್ನ ಹಳೆಯ ಗಿರಾಕಿ. ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪ್ಯಾಂಟಿನ ಅಂಚು ಕಾಲಿಂಚು ಹೆಚ್ಚಾದರೂ ವಾಪಸ್ ತರುವ ಮನುಷ್ಯ. ಮಂಡಳಿಗೆ ಎಂ.ಆರ್.ಐ. ಮತ್ತು ಸರ್ಜನ್ ಪತ್ರ ಮತ್ತೆ ತೋರಿಸಿ 2024ರ ಮಾರ್ಚಿನಲ್ಲಿ 'ಶಾಶ್ವತ' ಎಂಬ ಹೊಸ ಪತ್ರ ಪಡೆದಿದ್ದೆ. ಅದನ್ನು ಕಂಪನಿಗೆ ಕಳಿಸಿದೆ. ಏಪ್ರಿಲಿನಲ್ಲಿ ಇಮೇಲ್ ಬಂತು. ಕ್ಲೇಮು ತಿರಸ್ಕೃತ. ಕಾರಣ ಒಂದು, ಕೈ ದೇಹದಿಂದ ಬೇರ್ಪಟ್ಟಿಲ್ಲ. ಕಾರಣ ಎರಡು, ಶಾಶ್ವತ ಅಂಗವೈಕಲ್ಯದ ಪತ್ರ ಅಪಘಾತವಾಗಿ 12 ತಿಂಗಳು ಕಳೆದ ಮೇಲಿನದು. ಹಾಗಾದರೆ ಅಂಗವೈಕಲ್ಯ ಎಷ್ಟು? ಸೊನ್ನೆ. ಸರ್ಜನ್ ಬರೆದ ಸೊನ್ನೆಗೆ ಎಲ್ಲವೂ ಹೋಗಿದೆ ಎಂದರ್ಥ, ಕಂಪನಿ ಬರೆದ ಸೊನ್ನೆಗೆ ಏನೂ ಹೋಗಿಲ್ಲ ಎಂದರ್ಥ. ಮೊಬೈಲನ್ನು ಕಾಕಾನ ಮುಂದೆ ಹಿಡಿದೆ.

"ಮಾಸ್ತರೆ, ಇದಿರಲಿ. ಪಾಲಿಸಿ ಎಲ್ಲಿ?" ಎಂದರು.

ಬ್ಯಾಂಕಿನಲ್ಲಿ ಕೊಟ್ಟಿದ್ದ ಒಂದು ಹಾಳೆ ತೋರಿಸಿದೆ.

"ಇದು ಪಾಲಿಸಿಯಲ್ಲ, ಪಾಲಿಸಿ ಇದೆ ಎಂಬುದಕ್ಕೆ ಗುರುತು. ಷರತ್ತುಗಳ ಪೂರ್ಣ ಪುಸ್ತಿಕೆ ಕೊಡಿ ಎಂದು ಕಂಪನಿಗೆ ಬರೆಯಿರಿ. ಕೊಡಲೇಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ."

ಅದುವರೆಗೆ ನಾನು ಮಾಡಿದ್ದೆಲ್ಲ ಬಾಯಿಮಾತಿನಲ್ಲೇ. ಬ್ಯಾಂಕಿನ ಮೇಡಂಗೆ ಹೇಳಿದ್ದೆ, ಕಾಲ್ ಸೆಂಟರಿನ ಹುಡುಗಿಗೆ ಹತ್ತಿಪ್ಪತ್ತು ಸಲ ಹೇಳಿದ್ದೆ. ಎಲ್ಲರೂ ಹೂಂಗುಟ್ಟಿದ್ದರು. ಒಂದಕ್ಕೂ ಕಾಗದವಿರಲಿಲ್ಲ.

ಹನ್ನೆರಡನೇ ದಿನಕ್ಕೆ 34 ಪುಟಗಳ ಪುಸ್ತಿಕೆ ಬಂತು. ಕಾಕಾ ಅಂಗಡಿಯ ಬೆಂಚಿನ ಮೇಲೆ ಕುಳಿತು, ನಮ್ಮ ಬಣ್ಣದ ಚಾಕಿನಿಂದಲೇ ಗೆರೆ ಎಳೆಯುತ್ತಾ ಓದಿದರು. ಅಲ್ಲಿ ಒಂದು ಪಟ್ಟಿ ಇತ್ತು. ಎರಡು ಕಣ್ಣು, ಎರಡು ಕೈ ಅಥವಾ ಎರಡು ಕಾಲು ಹೋದರೆ ಶೇಕಡಾ 100. ಒಂದು ಕೈಗೆ 50, ಒಂದು ಕಣ್ಣಿಗೆ 50, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಕಿರುಬೆರಳಿಗೆ 4. ಮನುಷ್ಯನ ದೇಹವನ್ನು ಹೀಗೆ ದರಪಟ್ಟಿ ಮಾಡಿರುವುದನ್ನು ಮೊದಲ ಸಲ ನೋಡಿದೆ. ಸರ್ಕಾರದ 68 ಇಲ್ಲಿ ನಡೆಯುವುದಿಲ್ಲ, ಅದು ಬಸ್ ಪಾಸು, ಮಾಸಾಶನ, ಮೀಸಲಾತಿಯ ಲೆಕ್ಕಕ್ಕೆ. ಅದಕ್ಕೆ 40 ಮುಟ್ಟಿದರೆ ಸಾಕು. ಕಂಪನಿಗೆ ತನ್ನ ಪಟ್ಟಿಯೇ ಲೆಕ್ಕ. ಕೈಗೆ ಇರುವುದು 50, ಅಂದರೆ 5 ಲಕ್ಷ. ನನ್ನ 1 ಲಕ್ಷ 80 ಸಾವಿರ ಆ ಬೆಂಚಿನ ಮೇಲೆಯೇ ಹೋಯಿತು. ಕಂಪನಿಗಿಂತ ಮುಂಚೆ ಕಾಕಾನ ಮೇಲೆಯೇ ಸಿಟ್ಟು ಬಂತೆಂದರೆ ಸುಳ್ಳಲ್ಲ.

ಆದರೆ 'ಕೈ ಕಳೆದುಕೊಳ್ಳುವುದು' ಎಂಬುದಕ್ಕೆ ಅದೇ ಪುಸ್ತಿಕೆಯ ಮೂರನೇ ಪುಟದಲ್ಲಿ ಅರ್ಥ ಕೊಟ್ಟಿದ್ದರು: ಮಣಿಕಟ್ಟಿನಲ್ಲಿ ಅಥವಾ ಅದರ ಮೇಲೆ ಕತ್ತರಿಸಿ ಹೋಗುವುದು, ಅಥವಾ ಕೈಯ ಬಳಕೆ ಪೂರ್ಣವಾಗಿ, ಮರಳಿ ಬಾರದಂತೆ ಹೋಗುವುದು. ಆ ಎರಡನೇ 'ಅಥವಾ' ಕಂಪನಿಯವರ ಕಣ್ಣಿಗೆ ಬಿದ್ದಿರಲಿಲ್ಲ. 12 ತಿಂಗಳ ಷರತ್ತನ್ನು ಕಾಕಾ ಮೂರು ಸಲ ಓದಿದರು. "ನಷ್ಟ 12 ತಿಂಗಳೊಳಗೆ ಉಂಟಾಗಿರಬೇಕು ಎಂದಿದೆ. ಪತ್ರ 12 ತಿಂಗಳೊಳಗೆ ಬಂದಿರಬೇಕು ಎಂದು ಎಲ್ಲಿದೆ? ನರ ಕಿತ್ತಿದ್ದು ಯಾವಾಗ? ಬಿದ್ದ ದಿನವೇ. ಎಂ.ಆರ್.ಐ. ಯಾವಾಗಿನದು? ಮೂರನೇ ವಾರದ್ದು." ಷರತ್ತಿನ ಮಾತಿಗೆ ಎರಡು ಅರ್ಥ ಬರುವಂತಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವೇ ಅರ್ಥ ಮಾಡಬೇಕೆಂಬುದು ವಿಮೆಯ ವ್ಯಾಜ್ಯಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿರುವ ಮಾತು ಎಂದೂ ಸೇರಿಸಿದರು.

ಮರುವಾರವೇ ಹೈದರಾಬಾದಿಗೆ ಹೋಗಿ ಸರ್ಜನ್‌ರಿಂದ ಒಂದು ಪತ್ರ ಬರೆಸಿಕೊಂಡು ಬಂದೆ. ಕೆಳಗಿನ ಎರಡು ನರಬೇರುಗಳು ಅಪಘಾತದಲ್ಲೇ ಕಿತ್ತಿವೆ, ಅವು ಮರಳಿ ಬೆಳೆಯುವುದಿಲ್ಲ, ಆದ್ದರಿಂದ ಕೈಯ ಬಳಕೆಯ ನಷ್ಟ ಅಪಘಾತದ ದಿನದಿಂದಲೇ ಶಾಶ್ವತ ಎಂದು ನಾಲ್ಕು ಸಾಲು. ಅದನ್ನಿಟ್ಟು ಮೇ ತಿಂಗಳಲ್ಲಿ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿದೆವು, ಇಮೇಲನ್ನೂ ಕಳಿಸಿದೆವು. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಿದೆವು. 'ನಿಮ್ಮ ದೂರು ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಿಟ್ಟರೆ ಬೇರೇನೂ ಬರಲಿಲ್ಲ. 30 ದಿನ ಕಾಯುವುದೇ ಒಂದು ಕೆಲಸವಾಯಿತು. ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮಾತ್ರ ವಿಮೆಯ ತಕರಾರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು.

ಆ ಕಾಯುವ ದಿನಗಳಲ್ಲೇ ಒಂದು ತಮಾಷೆ ನಡೆಯಿತು. 20 ರೂಪಾಯಿಯ ವಿಮೆಯವರು ಅದೇ ಮಾರ್ಚ್ ತಿಂಗಳ ಪ್ರಮಾಣಪತ್ರ ನೋಡಿ, ಒಂದು ಕೈಯ ಬಳಕೆ ಹೋಗಿದೆ ಎಂದು ಒಪ್ಪಿ, ಯೋಜನೆಯಲ್ಲಿರುವ 1 ಲಕ್ಷ ರೂಪಾಯಿಯನ್ನು ಖಾತೆಗೆ ಹಾಕಿಬಿಟ್ಟರು. ಅದೇ ಕೈ, ಅದೇ ಪತ್ರ. ಕಾಕಾ ಆ ಪಾಸ್‌ಬುಕ್ ಪುಟದ ಝೆರಾಕ್ಸನ್ನೂ ಕಡತಕ್ಕೆ ಸೇರಿಸಿದರು.

ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು, ಜಿಲ್ಲೆಯಲ್ಲೇ ಇದೆ, ಎರಡು ವರ್ಷದ ಅವಧಿಯೂ ಇರುತ್ತದೆ. ಆದರೆ ಕರ್ನಾಟಕದ ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ ಎಂದು ಕೇಳಿ ಹೆದರಿದ ನನಗೆ ಕಾಕಾ ಹೇಳಿದ್ದು ಇಷ್ಟು: ಶುಲ್ಕವಿಲ್ಲ, ಯಾವ ಕಡೆಗೂ ವಕೀಲರಿಲ್ಲ, 50 ಲಕ್ಷದವರೆಗಿನ ಪ್ರಕರಣ ಕೇಳುತ್ತಾರೆ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಆಮೇಲೂ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಜುಲೈನಲ್ಲಿ ದೂರು ಸಲ್ಲಿಸಿದೆವು.

ನವೆಂಬರಿನಲ್ಲಿ ವಿಚಾರಣೆ ವಿಡಿಯೊ ಮೂಲಕ ನಡೆಯಿತು. ತಂಗಿಯ ಮಗಳು ಮೊಬೈಲನ್ನು ಇಸ್ತ್ರಿ ಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದಳು. "ಮಾಮಾ, ಕತ್ತರಿಸುವ ಮೇಜಿನ ಮುಂದೆ ಮಾತ್ರ ಕೂರಬೇಡ" ಎಂದು ಎಚ್ಚರಿಸಿ ಹಿಂದೆ ಒಂದು ಪಂಚೆ ಕಟ್ಟಿದಳು. ಕಾಕಾ ಕಾಣದಂತೆ ಪಕ್ಕದಲ್ಲಿ ಕುಳಿತರು. ಕಂಪನಿಯ ಪ್ರತಿನಿಧಿ ಆ ಫೋಟೊ, ಆ 12 ತಿಂಗಳು, ಎರಡನ್ನೂ ಹೇಳಿದ. ಒಂಬುಡ್ಸ್‌ಮನ್ ನನಗೆ ಕೇಳಿದ್ದು ಎರಡೇ ಪ್ರಶ್ನೆ. ಮುಷ್ಟಿ ಕಟ್ಟಿ ತೋರಿಸುವಿರಾ? ತೋರಿಸಿದೆ, ಅಂದರೆ ತೋರಿಸಲಾಗಲಿಲ್ಲ. ಈಗ ಕತ್ತರಿ ಯಾರು ಹಿಡಿಯುತ್ತಾರೆ? ಎಡಗೈಯ ಕತ್ತರಿ ಎತ್ತಿ ತೋರಿಸಿದೆ. ಬಲಗೈಯವರ ಕತ್ತರಿ ಎಡಗೈಯಲ್ಲಿ ಬಟ್ಟೆ ಕತ್ತರಿಸುವುದಿಲ್ಲ, ಅಲಗುಗಳು ಒಂದನ್ನೊಂದು ಒತ್ತುವುದರ ಬದಲು ದೂರ ಸರಿಯುತ್ತವೆ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ, ಅದಕ್ಕೇ ಇದನ್ನು ಹೈದರಾಬಾದಿನಿಂದ ತರಿಸಿದೆ ಎಂದು ವಿವರಿಸತೊಡಗಿದೆ. ಕಾಕಾ ಮೇಜಿನ ಕೆಳಗಿಂದ ಕಾಲು ತುಳಿದರು. ಕಾಲು ಗಂಟೆಯೂ ಹಿಡಿಯಲಿಲ್ಲ.

ಡಿಸೆಂಬರಿನಲ್ಲಿ ತೀರ್ಪು ಬಂತು. ಬಳಕೆ ಹೋದ ಕೈ ಕಳೆದುಕೊಂಡ ಕೈಯೇ, ನಷ್ಟ ಅಪಘಾತದ ದಿನವೇ ಆಗಿದೆ, 5 ಲಕ್ಷವನ್ನು ಬ್ಯಾಂಕ್ ದರಕ್ಕಿಂತ ಶೇಕಡಾ 2 ಹೆಚ್ಚಿನ ಬಡ್ಡಿಯೊಂದಿಗೆ ಕೊಡಬೇಕು. ವಾರದ ಹಣದಲ್ಲಿ ಮಾತ್ರ ಪೂರ್ತಿ ಗೆಲ್ಲಲಿಲ್ಲ. ನಾನು ಕೇಳಿದ್ದು 52 ವಾರ. ಒಪ್ಪಿದ್ದು 28. ಯಾಕೆಂದರೆ 2023ರ ಸೆಪ್ಟೆಂಬರಿನ ಒಂದು ಚೀಟಿಯಲ್ಲಿ ಫಿಜಿಯೊಥೆರಪಿಯವರು 'ಹಗುರ ಕೆಲಸ ಮಾಡಬಹುದು' ಎಂದು ಬರೆದಿದ್ದರು. ಧೈರ್ಯ ತುಂಬಲು ಬರೆದ ಮೂರು ಪದ. ಆ ಚೀಟಿಯನ್ನು ಕಡತದಲ್ಲಿ ಇಟ್ಟವನೂ ನಾನೇ. ಆಗಲೇ ಕೊಟ್ಟಿದ್ದ 16 ವಾರ ಕಳೆದು 12 ವಾರಗಳ 60,000 ರೂಪಾಯಿ ಬಂತು. ಟೇಲರನ ಹಗುರ ಕೆಲಸ ಯಾವುದು ಎಂದು ಅವರನ್ನು ಆಮೇಲೆ ಕೇಳಿದೆ. ಪಾಪ, ಅವರಿಗೂ ಗೊತ್ತಿರಲಿಲ್ಲ.

ತೀರ್ಪು ಕೈಸೇರಿದ 30 ದಿನಗಳೊಳಗೆ ಕಂಪನಿ ಹಣ ಕಟ್ಟಬೇಕು. ಇಪ್ಪತ್ತೇಳನೇ ದಿನ ಬಂತು. ಆಪರೇಷನ್ನಿಗೆ ಭಾವನಿಂದ ಪಡೆದಿದ್ದು ತೀರಿತು, ಮುದ್ರಾ ಸಾಲದ ಉಳಿದ ಕಂತುಗಳು ತೀರಿದವು. ಕಾಕಾನಿಗೆ ಏನು ಕೊಡಲಿ ಎಂದು ಕೇಳಿದರೆ ಹಣದ ಮಾತಿಗೆ ರೇಗಿದರು. ಒಂದು ಅಂಗಿ ಹೊಲಿಯಿರಿ, ಮಗನಿಂದ ಬೇಡ, ನೀವೇ ಕತ್ತರಿಸಿ, ಎಂದರು. ಬಿಳಿ ಬಟ್ಟೆ, ಪೂರ್ಣ ತೋಳು. ಎಡಗೈಯಲ್ಲಿ ಕತ್ತರಿಸಲು ಎರಡು ದಿನ ಹಿಡಿಯಿತು. ಕಾಜಾಗಳನ್ನು ಮಗ ಹಾಕಿದ.

ವಾರ ಬಿಟ್ಟು ಕಾಕಾ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಏನೂ ಮಾತಾಡದೆ ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ಬಿಡಿಸಿ ನೋಡಿದೆ. 'ಎಡತೋಳು ಅರ್ಧ ಇಂಚು ಗಿಡ್ಡವಾಗಿದೆ. 30 ದಿನಗಳೊಳಗೆ ಸರಿಪಡಿಸಿ ಕೊಡುವುದು.' ಕೆಳಗೆ ತಾರೀಖು, ಅವರ ಸಹಿ. ಜೊತೆಗೆ ಅದರದೇ ಇನ್ನೊಂದು ಪ್ರತಿ.

"ಆ ಪ್ರತಿಯ ಮೇಲೆ ಸ್ವೀಕೃತಿ ಹಾಕಿ ಕೊಡಿ, ಮಾಸ್ತರೆ" ಎಂದರು.

ಎಡಗೈಯಲ್ಲಿ ಸಹಿ ಮಾಡಿ ಕೊಟ್ಟೆ. ಬ್ಯಾಂಕಿನ ದಾಖಲೆಯಲ್ಲಿರುವ ಸಹಿಗೆ ಅದು ಚೆನ್ನಾಗಿಯೇ ಹೊಂದುತ್ತಿತ್ತು.